ಬಾದಾಮಿ ಇಲ್ಲದ ಬಾದಾಮಿ ಸ್ನೋ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದಂತೆ. ನನ್ನ ಹಣೆಯಲ್ಲಿ ಬ್ರಹ್ಮ ಪೇಚಾಟದ ಯೋಗವನ್ನು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾನೆ. ನಾನು ಕಾಲಿಟ್ಟ ಕಡೆ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಅದರಲ್ಲೂ ಯಶವಂತಪುರದ ಸ್ನೋ ಕಾರ್ಖಾನೆಯಲ್ಲಿ ನಾನು ಕಳೆದ ಎರಡು ವರ್ಷವಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಊಟದ ಮಧ್ಯೆ ನಗು ಬಂದು ನೆತ್ತಿಗೆ ಹತ್ತುತ್ತದೆ. ಮನೆಯವಳು ತಲೆ ತಟ್ಟುತ್ತಾ "ಮತ್ತೆ ಆ ಡ್ರಮ್ಮಾ?" ಅನ್ನುತ್ತಾಳೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮುಖಕ್ಕೆ ಹಚ್ಚುವ ಬಿಳಿ ಕ್ರೀಮಿಗೆ ಆಗ ಎಲ್ಲರೂ ಸ್ನೋ ಅನ್ನುತ್ತಿದ್ದರು. ಕಾರ್ಖಾನೆ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ರೈಲ್ವೆ ಸ್ಟೇಷನ್ನಿನ ಹಿಂದೆ ತಗಡಿನ ಒಂದು ಶೆಡ್ಡು, ಎರಡು ಒಲೆ, ನಾಲ್ಕು ಕೊಳಗ, ಒಂದು ಉದ್ದನೆಯ ಬೆಂಚು, ಅಷ್ಟೇ.

ಮೂಗಿನ ಪರೀಕ್ಷೆ

ಯಜಮಾನರು ಜಾಲಹಳ್ಳಿ ಕಡೆಯ ಹಳೇ ಮನೆತನದವರು. ರಾಗಿ ಮಂಡಿ ಇಟ್ಟುಕೊಂಡು ಸುಖವಾಗಿದ್ದವರಿಗೆ ಇದ್ದಕ್ಕಿದ್ದಂತೆ ಊರಿನ ಹೆಂಗಸರನ್ನೆಲ್ಲ ಬೆಳ್ಳಗೆ ಮಾಡಿಬಿಡುವ ಹುಮ್ಮಸ್ಸು ಬಂತು. ಮನುಷ್ಯ ಒಳ್ಳೆಯವರು, ಹೃದಯ ಬೆಣ್ಣೆ. ಹಟ ಮಾತ್ರ ಅಮಟೆಕಾಯಿಯ ಓಟೆ.

ನಾನು ಬಿ.ಎಸ್ಸಿ. ಮುಗಿಸಿ ಸರ್ಟಿಫಿಕೇಟನ್ನು ಪೇಪರಿನಲ್ಲಿ ಸುತ್ತಿಕೊಂಡು ಅವರ ಮುಂದೆ ಹೋಗಿ ನಿಂತೆ. ಅವರು ಅದನ್ನು ಬಿಚ್ಚಿಯೂ ನೋಡಲಿಲ್ಲ. ಒಂದು ಪುಟ್ಟ ಸೀಸೆ ತೆಗೆದು ನನ್ನ ಮೂಗಿಗೆ ಹಿಡಿದರು.

"ಏನ್ ವಾಸನೆ ಹೇಳಯ್ಯಾ?"

"ಬಾದಾಮಿ ಥರ ಇದೆ."

"ನಿನಗೆ ಕೆಲಸ ಆಯ್ತು. ಇವತ್ತಿಂದ್ಲೇ ಸೇರ್ಕೋ. ನಿನ್ನ ಹೆಸರು ನನಗೆ ನೆನಪಿರಲ್ಲ, ಬಿಯೆಸ್ಸಿ ಅಂತ ಕರೀತೀನಿ."

ಕರೆದರು. ಅವರ ಮನೆಯವರೂ ಕರೆದರು, ಬೀದಿಯವರೂ ಕರೆದರು. ಸೇರಿದ ದಿನವೇ ನಾನು ಮೂಲೆ ಮೂಲೆ ಹುಡುಕಿ ಕೇಳಿದೆ, "ಯಜಮಾನ್ರೇ, ಬಾದಾಮಿ ಎಲ್ಲಿಟ್ಟಿದ್ದೀರಿ?"

"ಬಾದಾಮಿನಾ? ಬಾದಾಮಿ ಯಾಕಯ್ಯಾ, ವಾಸನೆ ಇದೆಯಲ್ಲ!" ಎಂದು ಮೂಲೆಯ ಡ್ರಮ್ಮಿನ ಕಡೆ ಕೈ ತೋರಿಸಿದರು. ಅದರೊಳಗೆ ಹಳದಿ ಬಣ್ಣದ ಎಣ್ಣೆಯಿತ್ತು. ಮಿರ್ಬೇನ್ ಎಣ್ಣೆ ಅಂತ ಅದರ ಹೆಸರು. ಬಾದಾಮಿಗೂ ಅದಕ್ಕೂ ಯಾವ ಜನ್ಮದ ಸಂಬಂಧವೂ ಇಲ್ಲ, ವಾಸನೆ ಮಾತ್ರ ಹಾಗೆ. ಡ್ರಮ್ಮಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡವಾಗಿ ಎರಡು ಮೂಳೆ.

"ಯಜಮಾನ್ರೇ, ಇದರ ಮೇಲೆ ತಲೆಬುರುಡೆ ಇದೆಯಲ್ಲ?"

"ಅದು ಕಂಪನಿಯವರ ಮಾರ್ಕು ಕಣಯ್ಯಾ. ಬೆಂಕಿಪೊಟ್ಟಣದ ಮೇಲೆ ಹುಲಿ ಇರುತ್ತೆ, ತೆಗೆದ್ರೆ ಒಳಗೆ ಹುಲಿ ಇರುತ್ತಾ?"

ನೇರಳೆ ಹಣ್ಣಿನ ಜಗಳ

ಡಬ್ಬಿ ತುಂಬುವುದಕ್ಕೆ ಮತ್ತಿಕೆರೆಯಿಂದ ಆರು ಜನ ಹೆಂಗಸರು ಬರುತ್ತಿದ್ದರು. ಅವರಲ್ಲಿ ಆಗತಾನೇ ಮದುವೆಯಾಗಿ ಬಂದ ಸೊಸೆಯೊಬ್ಬಳಿದ್ದಳು. ಡ್ರಮ್ಮಿನ ಪಕ್ಕದ ಜಾಗ ಅವಳದು, ಎಣ್ಣೆಯನ್ನು ಸೌಟಿನಲ್ಲಿ ಅಳೆದು ಕೊಡುವವಳೂ ಅವಳೇ. ಸೌಟು ಹಿಡಿದ ಕೈ ಸಂಜೆಯ ತನಕ ಎಣ್ಣೆಯಲ್ಲೇ ತೊಯ್ದಿರುತ್ತಿತ್ತು. ಕಿಟಕಿ ತೆಗೆಯುವ ಹಾಗಿರಲಿಲ್ಲ. ತೆಗೆದರೆ ಸ್ಟೇಷನ್ನಿನ ಎಂಜಿನ್ನಿನ ಮಸಿ ಹಾರಿ ಬಂದು ಬೆಳ್ಳಗಿನ ಸ್ನೋ ಮೇಲೆ ಎಳ್ಳು ಉದುರಿಸಿದ ಹಾಗೆ ಕೂರುತ್ತಿತ್ತು. ಹಾಗಾಗಿ ಎಲ್ಲ ಮುಚ್ಚಿಕೊಂಡು ಬಾದಾಮಿ ವಾಸನೆಯಲ್ಲೇ ಕೆಲಸ.

ಜ್ಯೇಷ್ಠ ಮಾಸದ ಒಂದು ದಿನ ಆ ಹುಡುಗಿಯ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಯಾರ್ರೀ ಇಲ್ಲಿ ನನ್ ಸೊಸೆಗೆ ನ್ಯಾರ್ಲೆ ಅಣ್ಣು ಕೊಡೋರು?"

ಯಜಮಾನರು ಕಣ್ಣು ಕಣ್ಣು ಬಿಟ್ಟರು. "ನೇರಳೆ ಹಣ್ಣಾ? ಇದು ಸ್ನೋ ಕಾರ್ಖಾನೆ ಕಣಮ್ಮಾ."

"ನಂಗೇನ್ ಕಣ್ ಕಾಣಾಕಿಲ್ವಾ? ದಿನಾ ಸಂಜೆ ತುಟಿ ನೀಲಿ ಮಾಡ್ಕಂಡ್ ಬತ್ತಾಳೆ. ಕೇಳಿದ್ರೆ ತಿಂದಿಲ್ಲ ಅಂತಾಳೆ. ತಲೆನೋವು ಅಂತ ಮಲಿಕ್ಕಂತಾಳೆ. ಒಟ್ಟೆ ತುಂಬಾ ತಿಂದ್ರೆ ತಲೆನೋವು ಬರ್ದೇ ಏನು? ಒಂದ್ ಅಣ್ಣಾದ್ರೂ ಅತ್ತೆಗೆ ಇರ್ಲಿ ಅಂತ ಸೆರಗಲ್ ಕಟ್ಕಂಡ್ ಬಂದ್ಲಾ ಕೇಳಿ!"

ಸೊಸೆ ಅಳುತ್ತಾ ದೇವರಾಣೆ ಇಟ್ಟಳು. ಅತ್ತೆ ನಂಬಲಿಲ್ಲ. ಕೊನೆಗೆ ಯಜಮಾನರು ಪಂಚಾಯಿತಿ ಮಾಡಿದರು, "ನಾಳೆ ಅವಳು ಮನೇಲಿರ್ಲಿ. ನೀನೇ ಅವಳ ಜಾಗದಲ್ಲಿ ಕೂತು ನೋಡು. ಹಣ್ಣು ಎಲ್ಲಿಂದ ಬರುತ್ತೆ ಅಂತ ಹಿಡಿ."

ಮಾರನೆಯ ದಿನ ಅತ್ತೆ ಬಂದಳು. ಮೊದಲು ಎಲ್ಲರ ಬುತ್ತಿ ಬಿಚ್ಚಿಸಿ ನೋಡಿದಳು. ಆಮೇಲೆ ಸೊಸೆಯ ಜಾಗದಲ್ಲಿ ಕೂತು ಸೌಟು ಹಿಡಿದು, ಒಂದು ಕಣ್ಣು ಡಬ್ಬಿಯ ಮೇಲೆ, ಇನ್ನೊಂದು ಕಣ್ಣು ಬಾಗಿಲ ಮೇಲೆ ಇಟ್ಟುಕೊಂಡು ಕಾವಲು ಕಾದಳು. ಒಂದು ಹಣ್ಣೂ ಒಳಗೆ ಬರಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ "ಯಾಕೋ ತಲೆ ಗಿರ್ ಅಂತದೆ" ಎಂದಳು. ಸೊಸೆ ಕರೆದುಕೊಂಡು ಹೋಗಲು ಬಂದಳು. ಅತ್ತೆಯ ಮುಖ ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟಳು. ಅತ್ತೆಯ ತುಟಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಅತ್ತೆಮ್ಮಾ, ನಂಗೊಂದ್ ಅಣ್ಣು ಮಡಗಿದ್ದೀರಾ?"

ಡಾಕ್ಟರ ಮಾತು

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಣ್ಣು ತಿನ್ನದೆ ತುಟಿ ನೀಲಿಯಾಗುವುದು ಅಂದರೇನು? ಅತ್ತೆ ಸೊಸೆ ಇಬ್ಬರನ್ನೂ ಜಟಕಾದಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದೆ.

ವಯಸ್ಸಾದ ಡಾಕ್ಟರು. ಇಬ್ಬರ ತುಟಿ ನೋಡಿದರು, ಉಗುರು ನೋಡಿದರು, ಆಮೇಲೆ ಸೆರಗಿನ ಹತ್ತಿರ ಬಗ್ಗಿ ಮೂಸಿದರು.

"ಏನಮ್ಮಾ, ನಿಮ್ಮದು ಬೂಟ್ ಪಾಲಿಷ್ ಮಾಡೋ ಕಾರ್ಖಾನೆನಾ?"

ನಾನು ಸ್ನೋ ಅಂದೆ, ಎಣ್ಣೆಯ ಹೆಸರು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. "ಓದಿದೋರು ನೀವು! ಅದು ಉಸಿರಿನ ಜೊತೇಲೂ ಒಳಗೆ ಹೋಗುತ್ತೆ, ಚರ್ಮದಿಂದಲೂ ಹೋಗುತ್ತೆ, ರಕ್ತಾನೇ ಕೆಡಿಸುತ್ತೆ. ಬೂಟಿಗೆ ಹಾಕೋದನ್ನ ಮುಖಕ್ಕೆ ಹಾಕ್ತೀರಲ್ರೀ! ಮೊದಲು ಅದನ್ನ ನಿಲ್ಸಿ."

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದನ್ನು ದಿನವೂ ನನ್ನ ಕೈಯಾರೆ ಕಲಸುತ್ತಿದ್ದೆನಲ್ಲ. ಪುಣ್ಯಕ್ಕೆ ಅತ್ತೆ ಸೊಸೆ ಗಾಳಿ ಬೆಳಕಿನಲ್ಲಿ ನಾಲ್ಕು ದಿನ ಇದ್ದು ಚೇತರಿಸಿಕೊಂಡರು. ಆದರೆ ಆ ಡಬ್ಬಿಗಳನ್ನು ಕೊಂಡು ಹಚ್ಚಿಕೊಳ್ಳುವವರ ಗತಿಯೇನು? ಈ ಎಣ್ಣೆ ಹೊರಗೆ ಹೋಗುವ ತನಕ ನಾನು ಸುಮ್ಮನಿರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಓಡಿ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಮರುಗಿದರು. ಇಬ್ಬರ ಮನೆಗೂ ರಾಗಿ, ತುಪ್ಪ ಕಳಿಸಿದರು. ಬೆಂಚನ್ನು ಹೊರಗೆ ಹೊಂಗೆ ಮರದ ಕೆಳಗೆ ಹಾಕಿಸಿದರು, ಮಸಿ ಬಿದ್ದರೆ ಬೀಳಲಿ ಅಂದರು. ಸೌಟು ಇನ್ನು ಮೇಲೆ ನಾನೇ ಹಿಡಿಯುತ್ತೇನೆ ಅಂದರೂ ಒಪ್ಪಿದರು. ಎಣ್ಣೆ ಬಿಡುವ ಮಾತು ಬಂದಾಗ ಮಾತ್ರ ಹಟ ಹೆಡೆ ಎತ್ತಿತು.

"ಯಜಮಾನ್ರೇ, ಅದು ಬೂಟ್ ಪಾಲಿಷ್‌ಗೆ ಹಾಕೋ ಎಣ್ಣೆಯಂತೆ!"

ಅವರ ಮುಖ ಅರಳಿತು. "ನೋಡಿದ್ಯಾ ಬಿಯೆಸ್ಸಿ? ಅದಕ್ಕೇ ನಮ್ಮ ಸ್ನೋ ಹಚ್ಚಿದ್ರೆ ಮುಖ ಹಂಗೆ ಹೊಳೆಯೋದು!"

ಇರುವೆಗಳ ತೀರ್ಪು

ನಾನು ಪುಸ್ತಕ ತಂದು ತೋರಿಸಿದೆ. ಡಾಕ್ಟರು ಒಂದು ಚೀಟಿ ಬರೆದು ಕೊಟ್ಟರು, ಅದನ್ನೂ ತೋರಿಸಿದೆ. ಯಜಮಾನರು ಎರಡನ್ನೂ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು.

"ಪುಸ್ತಕ ಮನುಷ್ಯರು ಬರೆದದ್ದು ಕಣಯ್ಯಾ. ನಮ್ಮ ತಾತ ಹೊಸ ಬೆಲ್ಲ ತಂದ್ರೆ ಮೊದಲು ಇರುವೆ ಮುಂದೆ ಇಡ್ತಿದ್ರು. ಇರುವೆ ಮುಟ್ಟಿದ್ರೆ ಮಾತ್ರ ಮನೆಯೋರು ಮುಟ್ಟಬೇಕು. ಇರುವೆಗೆ ಯಾರೂ ಟೋಪಿ ಹಾಕೋಕಾಗಲ್ಲ."

ಸರಿ, ಪರೀಕ್ಷೆ ಶುರುವಾಯಿತು. ಹೊಂಗೆ ಎಲೆಯ ಮೇಲೆ ಒಂದು ಉಂಡೆ ಸ್ನೋ ಇಟ್ಟು ಇರುವೆ ಸಾಲಿನ ದಾರಿಯಲ್ಲಿ ಇಟ್ಟೆವು. ಯಜಮಾನರು ಕುಕ್ಕರಗಾಲಲ್ಲಿ ಕೂತರು. ಇರುವೆಗಳು ಶಿಸ್ತಾಗಿ ಬಂದವು. ಎಲೆಗೆ ಇನ್ನೊಂದು ಗೇಣು ಇದೆ ಅನ್ನುವಾಗ ಮುಂದಿನದು ನಿಂತಿತು. ಹಿಂದಿನವೂ ನಿಂತವು. ಮೀಸೆ ಅಲ್ಲಾಡಿಸಿ ಏನೋ ಮಾತಾಡಿಕೊಂಡವು. ಆಮೇಲೆ ಇಡೀ ಸಾಲು ಬಲಕ್ಕೆ ತಿರುಗಿ, ಶೆಡ್ಡನ್ನೇ ಸುತ್ತಿ ಬಳಸಿ ಆ ಕಡೆಯಿಂದ ಗೂಡಿಗೆ ಹೋಯಿತು.

"ಹೊಟ್ಟೆ ತುಂಬಿರಬೇಕು" ಅಂದರು ಯಜಮಾನರು.

ಮಾರನೆಯ ದಿನ ಬೇರೆ ಗೂಡು ಹುಡುಕಿದೆವು. ಅಲ್ಲಿನ ಇರುವೆಗಳೂ ಅದೇ ಪಂಗಡದವು, ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ನಾನು ಬರುವುದು ಸ್ವಲ್ಪ ತಡವಾಯಿತು. ಬಂದರೆ ಯಜಮಾನರು ಹೊಂಗೆ ಮರದ ಕೆಳಗೆ ಪಂಚೆ ಎತ್ತಿ ಕಟ್ಟಿಕೊಂಡು ಕುಣಿಯುತ್ತಿದ್ದಾರೆ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಎಲೆಯ ಮೇಲೆ ಸ್ನೋ ಕಾಣದ ಹಾಗೆ ಇರುವೆ ಮುತ್ತಿವೆ.

"ಗೆದ್ದೆ ಬಿಯೆಸ್ಸಿ! ಈಗ ಏನ್ ಹೇಳ್ತೀಯಾ?"

ನಾನು ಬಗ್ಗಿ ನೋಡಿದೆ. ಸ್ನೋ ಒಳಗೆ ಏನೋ ಹರಳು ಹರಳಾಗಿ ಹೊಳೆಯುತ್ತಿತ್ತು. ಇರುವೆಗಳು ಒಂದೊಂದೇ ಹರಳನ್ನು ಹುಷಾರಾಗಿ ಎಳೆದುಕೊಂಡು ಸ್ನೋವನ್ನು ಹಾಗೇ ಬಿಟ್ಟು ಹೋಗುತ್ತಿದ್ದವು.

"ಯಜಮಾನ್ರೇ, ಇದರಲ್ಲಿ ಸಕ್ಕರೆ ಇದೆ."

"ಹೂಂ, ಒಂದು ಹಿಡಿ ಹಾಕಿದೆ. ಬರೀ ವಿಷ ಯಾರು ತಿಂತಾರಯ್ಯಾ?"

ಡ್ರಮ್ಮಿಗೆ ಹಾರ

ಇನ್ನು ಇವರಿಗೆ ಹೇಳಿ ಪ್ರಯೋಜನವಿಲ್ಲ ಅನ್ನಿಸಿ ಕಾರ್ಖಾನೆ ಇಲಾಖೆಗೆ ಒಂದು ಮೂಗರ್ಜಿ ಬರೆದೆ. ಸಂಬಂಧಪಟ್ಟವರು ಬಂದು ಆ ಡ್ರಮ್ಮು ನೋಡಬೇಕು, ಅದರ ಮೇಲಿನ ಗುರುತು ನೋಡಬೇಕು ಅಂತ ಬೇಡಿಕೊಂಡೆ. ಬರೆದವನು ನಾನೇ ಅಂತ ತಿಳಿದರೆ ನನ್ನ ಕೆಲಸ ಹೋಗುತ್ತಿತ್ತು. ಆದರೂ ಟಪ್ಪಾಲಿಗೆ ಹಾಕಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಯಜಮಾನರ ತಾಯಿ ಅವತ್ತು ಖುದ್ದಾಗಿ ಬಂದು ಒಲೆ, ಕೊಳಗ, ಸೌಟು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟರು. ಡ್ರಮ್ಮು ದೊಡ್ಡದಲ್ಲವೇ, ಅದಕ್ಕೆ ವಿಶೇಷ ಮರ್ಯಾದೆ. ವಿಭೂತಿ ಪಟ್ಟೆ ಎಳೆದು, ಮೊಳಕ್ಕೆ ಮೊಳ ಸೇರಿಸಿ ಕಟ್ಟಿದ ಚೆಂಡುಹೂವಿನ ಹಾರ ಹಾಕಿದರು. ಹಾರ ಸರಿಯಾಗಿ ತಲೆಬುರುಡೆಯ ಮೇಲೆ ಕೂತಿತು. ಪೂಜೆಯ ಹಾರ ತಾನಾಗಿ ಒಣಗಿ ಬೀಳುವ ತನಕ ಯಾರೂ ಕೈ ಹಚ್ಚಬಾರದು ಅಂತ ಅಪ್ಪಣೆ ಬೇರೆ ಕೊಟ್ಟರು.

ನಾಲ್ಕನೆಯ ದಿನ ಇನ್ಸ್‌ಪೆಕ್ಟರು ಬಂದರು. ಖಾಕಿ ಟೋಪಿ, ಕೈಯಲ್ಲಿ ಫೈಲು. ಬಾಗಿಲಲ್ಲಿ ರಂಗೋಲಿ ಕಂಡು ಅವರು ಬೂಟು ಬಿಚ್ಚಿದರು. ಒಳಗೆ ಡ್ರಮ್ಮು ಕಂಡು ಟೋಪಿ ತೆಗೆದರು.

"ಇದು ಯಾವ ದೇವರು?" ಅಂತ ಮೆಲ್ಲಗೆ ಕೇಳಿದರು.

ಯಜಮಾನರು ಕೈ ಮುಗಿದರು. "ನಮಗೆಲ್ಲ ಅನ್ನ ಕೊಡೋದು ಇದೇ ಸ್ವಾಮಿ."

ನನಗೆ ತಡೆಯಲಾಗಲಿಲ್ಲ. "ಸಾರ್, ಸ್ವಲ್ಪ ಹಾರದ ಹಿಂದೆ ನೋಡಿ ಸಾರ್" ಅಂದೆ. ಅವರು ಎರಡು ಬೆರಳಲ್ಲಿ ಹಾರವನ್ನು ಮೆಲ್ಲಗೆ ಸರಿಸಿದರು. ಕೆಂಪು ತಲೆಬುರುಡೆ, ಅಡ್ಡ ಮೂಳೆ, ಮೇಲೆ ಕುಂಕುಮ. ಇನ್ಸ್‌ಪೆಕ್ಟರು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಯ್ಯಯ್ಯೋ, ಉಗ್ರದೇವತೆ! ಮೊದಲೇ ಹೇಳಬಾರದೇನ್ರೀ? ಬರಿಗೈಲಿ ಬಂದುಬಿಟ್ಟೆನಲ್ಲಾ!"

ಎದುರಿನ ಅಂಗಡಿಯಿಂದ ತೆಂಗಿನಕಾಯಿ ತಂದು, ಒಡೆದು, ಅರ್ಧ ಹೋಳು ಮನೆಗೆ ತೆಗೆದುಕೊಂಡು ಹೋದರು.

ಬಾದಾಮಿ ಹಾಲು

ಇದಾದ ಮೇಲೆ ನಾನು ಇನ್ನೊಂದು ದಾರಿ ಹಿಡಿದೆ. ಸುವಾಸನೆ ತಾನೇ ಬೇಕು, ನಿಜವಾದ ಬಾದಾಮಿಯಿಂದಲೇ ತೆಗೆದು ಕೊಟ್ಟರೆ ಎಣ್ಣೆ ಬಿಟ್ಟಾರು ಅಂತ ಒಂದು ಡಬ್ಬಿ ತುಂಬಾ ಬಾದಾಮಿ ಬೀಜ ತರಿಸಿದೆ. ಸ್ವಲ್ಪ ಅರೆದೆ, ಹಿಂಡಿದೆ, ಕಾಯಿಸಿದೆ. ಏನು ಮಾಡಿದರೂ ಮೂಗಿಗೆ ಏನೂ ಬಡಿಯಲಿಲ್ಲ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾದಾಮಿಗೇ ಬಾದಾಮಿ ವಾಸನೆ ಇಲ್ಲ, ನಮ್ಮ ಎಣ್ಣೆಗಿದೆ! ಯಾವುದಯ್ಯಾ ಅಸಲಿ?"

ಉಳಿದ ಬೀಜ ಹಾಳಾಗುವುದು ಬೇಡವೆಂದು ಡಬ್ಬಿಯ ಸಮೇತ ಅವರ ತಾಯಿಗೆ ಕೊಟ್ಟು ಬಂದೆ. ಮನೆಯಲ್ಲಿ ಯಜಮಾನರ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಇದನ್ನು ಯಜಮಾನರಿಗೆ ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ, ಆ ತಾಯಿಗೂ ಹೊಳೆಯಲಿಲ್ಲ.

ಗಂಡಿನ ಕಡೆಯವರು ಯಲಹಂಕದವರು. ಒಳ್ಳೆಯ ಸಂಬಂಧ. ಒಬ್ಬಳೇ ಮಗಳು, ಇದು ಕೂಡಿ ಬರಲಿ ಅಂತ ಯಜಮಾನರು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು. ರಾಹುಕಾಲ ಕಳೆದ ಮೇಲೆ ಲಗ್ನಪತ್ರಿಕೆ ಓದುವುದು ಅಂತ ಊಟ ಮೊದಲೇ ಮುಗಿಯಿತು. ಬೀಗರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಯಜಮಾನರು, ಸಂಕೋಚ ಬೇಡ, ನನ್ನನ್ನು ನೋಡಿ ಅನ್ನುತ್ತಾ ಐದು ಒಬ್ಬಟ್ಟು ಇಳಿಸಿದರು.

ಊಟದ ಮೇಲೆ ಎಲ್ಲರೂ ಹಜಾರದಲ್ಲಿ ಜಮಖಾನೆಯ ಮೇಲೆ ಕೂತರು. ಯಜಮಾನರು ಬಂದ ಹೆಂಗಸರಿಗೆಲ್ಲ ಎಲೆ ಅಡಿಕೆಯ ಜೊತೆ ಒಂದೊಂದು ಡಬ್ಬಿ ಸ್ನೋ ಕೊಟ್ಟರು. ಗಂಡಿನ ಅಜ್ಜಿ ಚೂಟಿ ಮುದುಕಿ. ಮುಚ್ಚಳ ತೆಗೆದು ಮೂಸಿದರು.

"ವಾಸ್ನೆ ಬಲು ಗಾಟಾಗೈತೆ. ಮುಖಕ್ಕೆ ಬಳ್ಕಂಡ್ರೆ ಏನೂ ಆಗಾಕಿಲ್ವಾ?"

ಯಜಮಾನರು ಎದೆ ಉಬ್ಬಿಸಿದರು. "ಮುಖಕ್ಕಾ? ಬಾಯಿಗೆ ಹಾಕ್ಕೊಂಡ್ರೂ ಏನೂ ಆಗಲ್ಲ ತಾಯೀ!"

ಆ ಹೊತ್ತಿಗೆ ಬಾದಾಮಿ ಹಾಲು ಬಂತು. ಕೇಸರಿ ಹಾಕಿ, ಏಲಕ್ಕಿ ಹಾಕಿ, ಗಟ್ಟಿಯಾಗಿ ಕಾಯಿಸಿದ ಹಾಲು. ಎಲ್ಲರ ಕೈಗೂ ಬೆಳ್ಳಿ ಲೋಟ. ಬೀಗರು ಲೋಟವನ್ನು ತುಟಿಯ ಹತ್ತಿರ ತಂದವರು ಉಪಚಾರಕ್ಕೆ ಒಂದು ಮಾತು ಕೇಳಿದರು, "ಬಾದಾಮಿ ಎಲ್ಲಿಂದ ತರಿಸಿದ್ರಿ?"

ಅಡಿಗೆಮನೆ ಬಾಗಿಲಿನಿಂದ ಯಜಮಾನರ ತಾಯಿ ಹೆಮ್ಮೆಯಿಂದ ಹೇಳಿದರು, "ಹೊರಗಡೇದಲ್ಲ, ನಮ್ಮ ಕಾರ್ಖಾನೇದೇ. ಬಿಯೆಸ್ಸಿ ಒಂದು ಡಬ್ಬಿ ತಂದುಕೊಟ್ಟ, ಅಷ್ಟನ್ನೂ ಹಾಕಿಬಿಟ್ಟೆ."

ನಾನು ತರಿಸಿದ ಬೀಜವೆಲ್ಲ ಅವತ್ತೇ ಅರೆದು ಮುಗಿಯಿತು ಅಂದುಕೊಂಡಿದ್ದ ಯಜಮಾನರಿಗೆ ಕಾರ್ಖಾನೆಯ ಬಾದಾಮಿ ಅಂದರೆ ಡ್ರಮ್ಮಿನದು ಒಂದೇ. ಅವರ ಮುಖ ಅವರ ಸ್ನೋಗಿಂತ ಬೆಳ್ಳಗಾಯಿತು. ನಾನು "ಯಜಮಾನ್ರೇ, ಅದು..." ಅನ್ನುವಷ್ಟರಲ್ಲಿ ಅವರು ನೆಗೆದಿದ್ದರು. ಬೀಗರ ಕೈಯಿಂದ ಲೋಟ ಹೊಡೆದು ಹಾರಿಸಿದರು. ಮದುಮಗನ ಲೋಟ ಕಿತ್ತು ಕಿಟಕಿಯಿಂದ ಆಚೆ ಎಸೆದರು. ಕೊಳಗಕ್ಕೆ ಒಂದು ಒದೆ ಕೊಟ್ಟರು, ಹಾಲು ಜಮಖಾನೆಯ ತುಂಬಾ ಹರಿಯಿತು.

"ಕುಡೀಬೇಡಿ! ಯಾರೂ ಕುಡೀಬೇಡಿ! ವಿಷ! ಬಿಯೆಸ್ಸಿ, ಡಾಕ್ಟ್ರನ್ನ ಕರಿಯೋ! ತಲೆಬುರುಡೆ ಕಣ್ರೀ ಅದು, ತಲೆಬುರುಡೆ!"

ತಾಯಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ, ಬಾದಾಮಿ ಬೀಜ ಕಣೋ ಅದು! ನಾನೇ ಸಿಪ್ಪೆ ಸುಲಿದೆ!"

ಮದುಮಗನ ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಬೀಗರು ನಿಧಾನವಾಗಿ ಎದ್ದು ನಿಂತರು. "ಹಂಗಾದ್ರೆ ನಿಮ್ಮ ಕಾರ್ಖಾನೇಲಿರೋದು ವಿಷ ಅಂತ ನಿಮಗೆ ಗೊತ್ತಿತ್ತು. ಅದನ್ನ ನಮ್ಮ ಹೆಂಗಸರ ಕೈಗೆ ಕೊಟ್ರಿ."

ಒಳಗೆ ಮದುಮಗಳು ಬಿಕ್ಕುವುದು ಕೇಳಿಸಿತು. ಯಜಮಾನರ ಹಟವೆಲ್ಲ ಆ ಹಾಲಿನ ಜೊತೆ ಹರಿದು ಹೋಯಿತು. ಕೈ ಮುಗಿದುಕೊಂಡು ನಿಂತರು. "ತಪ್ಪಾಯ್ತು ಬೀಗ್ರೇ. ಈ ಬಿಯೆಸ್ಸಿ ಬಡ್ಕೊಂಡ, ಡಾಕ್ಟ್ರು ಬಡ್ಕೊಂಡ್ರು, ನಾನು ಕೇಳಲಿಲ್ಲ. ಇವತ್ತೇ ಆ ಡ್ರಮ್ಮು ಹೊರಗೆ. ಅಂಗಡಿಗಳಿಗೆ ಹೋಗಿರೋ ಡಬ್ಬಿನೆಲ್ಲ ವಾಪಸ್ ತರಿಸ್ತೀನಿ. ನನ್ನ ಮಗಳಾಣೆ."

ಆಮೇಲೆ ಅವರು ಹೇಳಿದ ಹಾಗೇ ಮಾಡಿದರು, ಅದರಲ್ಲಿ ಒಂದು ಡಬ್ಬಿಯನ್ನೂ ಬಿಡಲಿಲ್ಲ. ಅವತ್ತು ನನಗೆ ಅವರ ಮೇಲೆ ಬಂದ ಪ್ರೀತಿ ಇವತ್ತಿಗೂ ಹಾಗೇ ಇದೆ. ಬೀಗರು ಒಂದು ಗಳಿಗೆ ಅವರನ್ನೇ ನೋಡಿ, ಒದ್ದೆಯಿಲ್ಲದ ಜಾಗ ಹುಡುಕಿ ಕೂತರು. "ಲಗ್ನಪತ್ರಿಕೆ ಓದ್ಸಿ" ಅಂದರು. ಎಲ್ಲರೂ ಬಿಗಿ ಹಿಡಿದಿದ್ದ ಉಸಿರು ಬಿಟ್ಟರು.

ಬಿಡದವರು ಗಂಡಿನ ಅಜ್ಜಿ ಒಬ್ಬರೇ. ಹಾಲಿನ ಹೊಳೆ ದಾಟಿಕೊಂಡು ಮೆಲ್ಲಗೆ ನಡೆದು ಬಂದು, ಮುಚ್ಚಳ ತೆಗೆದ ಡಬ್ಬಿಯನ್ನು ಯಜಮಾನರ ಮೂಗಿನ ಮುಂದೆ ಹಿಡಿದರು.

"ಅದೆಲ್ಲ ಇರ್ಲಿ ಕಣಪ್ಪಾ. ಬಾಯಿಗಾಕ್ಕಂಡ್ರೂ ಏನೂ ಆಗಾಕಿಲ್ಲ ಅಂದ್ಯಲ್ಲ, ತಗ, ಒಂದ್ ಬೆಳ್ಳು ನೆಕ್ಕು ನೋಡಾನ."

ಯಜಮಾನರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ತಮ್ಮ ತಾಯಿಯನ್ನು ನೋಡಿದರು. ಆಮೇಲೆ ಐದು ಒಬ್ಬಟ್ಟಿನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಲು ವಿನಯದಿಂದ ಹೇಳಿದರು:

"ಇವತ್ತು ನನಗೆ ಉಪವಾಸ ತಾಯೀ."